16 ಕಿಲೋಬೈಟ್‌ಗಳೊಳಗೆ ಒಂದು ಭಾಷೆ

ಎಪ್ಪತ್ತರ ದಶಕವು ಮುಗಿಯುತ್ತ ಬಂದಿದ್ದ ಕಾಲದಲ್ಲಿ, ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಸೆಲ್ವಿನ್ ಕಾಲೇಜಿನಲ್ಲಿ ಓದುತ್ತಿದ್ದ ಸೋಫಿ ವಿಲ್ಸನ್ ಅವರು ಈಸ್ಟರ್ ರಜೆಯ ಬಿಡುವಿನಲ್ಲಿ, ಹಸುಗಳಿಗೆ ಮೇವನ್ನು ಗೊತ್ತಾದ ಅಳತೆಯಂತೆ ಹಾಕುವ ಕೆಲಸವನ್ನು ನಿಯಂತ್ರಿಸತಕ್ಕ ಒಂದು ಪುಟ್ಟ ಕಂಪ್ಯೂಟರನ್ನು ರೂಪಿಸಿದರು. ಅದರ ಕೇಂದ್ರದಲ್ಲಿದ್ದುದು 6502 ಎಂಬ ಮೈಕ್ರೋಪ್ರೊಸೆಸರ್. ಅಮೆರಿಕದ ಎಂಒಎಸ್ ಟೆಕ್ನಾಲಜಿ ಎಂಬ ಕಂಪನಿಯು 1975ರಲ್ಲಿ ಈ ಚಿಪ್ಪನ್ನು 25 ಡಾಲರಿಗೆ ಮಾರಲು ತೊಡಗಿದಾಗ, ಅದಕ್ಕೆ ಸಮನಾದ ಬೇರೆ ಚಿಪ್ಪುಗಳ ಬೆಲೆ ನೂರಾರು ಡಾಲರುಗಳಷ್ಟಿತ್ತು; ಆದಕಾರಣ, ಅದುವರೆಗೆ ಸಂಶೋಧನಾಲಯಗಳ ಮತ್ತು ದೊಡ್ಡ ಉದ್ಯಮಗಳ ಸೊತ್ತಾಗಿದ್ದ ಗಣನಯಂತ್ರವು ವಿದ್ಯಾರ್ಥಿಗಳ ಕೈಗೂ ಎಟುಕುವಂತಾಯಿತು. ಮನೆಯಲ್ಲಿಟ್ಟುಕೊಳ್ಳಬಹುದಾದ ಕಂಪ್ಯೂಟರುಗಳ ಯುಗವು ಮೊದಲಾದುದಕ್ಕೆ ಈ ಅಗ್ಗದ ಬೆಲೆಯಷ್ಟು ಸಮರ್ಪಕವಾದ ಕಾರಣ ಇನ್ನೊಂದಿಲ್ಲವೆಂದೇ ನನ್ನ ಭಾವನೆ. ಆಪಲ್, ಕೊಮೊಡೋರ್, ಅಟಾರಿ ಮೊದಲಾದ ಹೆಸರುಗಳೆಲ್ಲ ಆ ಒಂದು ಚಿಪ್ಪನ್ನೋ ಅದರ ಸಮೀಪದ ಬಂಧುವನ್ನೋ ಆಧರಿಸಿ ಬೆಳೆದವು.

ವಿಲ್ಸನ್ ಅವರು ಅನಂತರ ಏಕಾರ್ನ್ ಎಂಬ ಕಂಪನಿಯಲ್ಲಿ ಹಲವು ವರ್ಷ ಪ್ರೋಗ್ರಾಂ ಬರೆದರು. ಆ ದಿನಗಳ ವಿಚಾರವಾಗಿ ಸಂದರ್ಶನಗಳಲ್ಲಿಯೂ ಉಪನ್ಯಾಸಗಳಲ್ಲಿಯೂ ವಿವರವಾಗಿ ಮಾತನಾಡಿದ್ದಾರೆ. ಅಮೆರಿಕದ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಂ ಅವರ ನೆನಪುಗಳನ್ನು ಧ್ವನಿಮುದ್ರಿಸಿ ಕಾಪಾಡಿದೆ. ಕಂಪನಿಗಳ ಚರಿತ್ರೆಯನ್ನು ಬರೆಯುವವರು ಸ್ಥಾಪಕರನ್ನೂ ಬಂಡವಾಳ ಹೂಡಿದವರನ್ನೂ ಕುರಿತು ಪುಟಗಟ್ಟಲೆ ಬರೆದು, ಯಂತ್ರದೊಳಗಿನ ಸೂಚನೆಗಳನ್ನು ಒಂದೊಂದಾಗಿ ಕೂಡಿಸಿದವರ ಪ್ರಸ್ತಾಪವನ್ನು ಅರ್ಧ ವಾಕ್ಯದಲ್ಲಿ ಮುಗಿಸುವುದು ರೂಢಿಯಾಗಿರುವಾಗ, ಪ್ರೋಗ್ರಾಂ ಬರೆದವರೇ ತಮ್ಮ ಕೆಲಸವನ್ನು ಕುರಿತು ಹೇಳಿದ ಮಾತುಗಳಿಗೆ ವಿಶೇಷ ಬೆಲೆಯುಂಟು. ಆ ಮಾತುಗಳಿಂದ ಒಂದು ಸಂಗತಿ ಸ್ಪಷ್ಟವಾಗುತ್ತದೆ: ಅಂದಿನ ಪ್ರೋಗ್ರಾಮರ್ ಯಂತ್ರವನ್ನು ಆಮೂಲಾಗ್ರವಾಗಿ, ಒಂದೇ ಒಂದು ತಂತಿಯನ್ನೂ ಬಿಡದೆ, ತಿಳಿದಿದ್ದವರು; ಅವರ ಭಾಷೆಯ ಸೌಷ್ಠವವೂ ಮಿತವ್ಯಯವೂ ಆ ತಿಳಿವಳಿಕೆಯಿಂದಲೇ ಒದಗಿದುವು.

ಆಸ್ಟ್ರಿಯದಿಂದ ಬಂದು ಕೇಂಬ್ರಿಡ್ಜಿನ ಕ್ಯಾವೆಂಡಿಷ್ ಪ್ರಯೋಗಾಲಯದಲ್ಲಿ ಭೌತವಿಜ್ಞಾನದ ಸಂಶೋಧನೆ ನಡೆಸಿದ್ದ ಹರ್ಮನ್ ಹೌಸರ್ ಮತ್ತು ಕ್ಲೈವ್ ಸಿಂಕ್ಲೇರ್ ಅವರ ಬಳಿ ಹಲವು ವರ್ಷ ದುಡಿದಿದ್ದ ಕ್ರಿಸ್ ಕರಿ ಇಬ್ಬರೂ ಸೇರಿ 1978ರ ಡಿಸೆಂಬರಿನಲ್ಲಿ ಸ್ಥಾಪಿಸಿದ ಸಣ್ಣ ಸಂಸ್ಥೆಯೇ ಮುಂದೆ ಏಕಾರ್ನ್ ಎಂದು ಹೆಸರಾಯಿತು. ಪಟ್ಟಣದ ಮಾರುಕಟ್ಟೆಯ ಚೌಕಕ್ಕೆ ಹೊಂದಿಕೊಂಡ ಮಾರ್ಕೆಟ್ ಹಿಲ್‌ನಲ್ಲಿ ಅದರ ಕಚೇರಿ. ಸಂಸ್ಥೆಯು ಆರಂಭದಲ್ಲಿ ಕೈಗೊಂಡ ಕೆಲಸಗಳೂ ಚಿತ್ರವಿಚಿತ್ರವಾದುವು: ಜೂಜಿನ ಯಂತ್ರಗಳ ಪಕ್ಕದಲ್ಲಿ ಸಿಗರೇಟ್ ಲೈಟರಿನ ಕಿಡಿ ಹಾರಿಸಿ, ಆ ಕಿಡಿಯ ಪ್ರಭಾವದಿಂದ ಯಂತ್ರವು ತಾನಾಗಿ ನಾಣ್ಯ ಉದುರಿಸುವಂತೆ ಮಾಡುತ್ತಿದ್ದ ಮೋಸಗಾರರ ಉಪಾಯಕ್ಕೆ ತಡೆಯೊಡ್ಡುವ ಸಾಧನವನ್ನೂ ವಿಲ್ಸನ್ ಅವರೇ ಕಲ್ಪಿಸಿಕೊಟ್ಟರು. ಹಸುವಿನ ಮೇವಿಗಾಗಿ ಅವರು ಮಾಡಿದ್ದ ಯಂತ್ರದ ವಿನ್ಯಾಸವು ಪರಿಷ್ಕಾರಗೊಂಡು, 1979ರಲ್ಲಿ ಏಕಾರ್ನ್ ಸಿಸ್ಟಂ 1 ಎಂಬ ಹೆಸರಿನಿಂದ ಮಾರಾಟಕ್ಕೆ ಬಂದಿತು. ಒಂದರ ಮೇಲೊಂದು ಕೂರಿಸಿದ ಎರಡು ಪುಟ್ಟ ಸರ್ಕ್ಯೂಟ್ ಬೋರ್ಡುಗಳು, ಅಂಕಿಗಳನ್ನು ಒತ್ತಲು ಕೆಲವು ಕೀಲಿಗಳು, ಕ್ಯಾಲ್ಕ್ಯುಲೇಟರಿನಲ್ಲಿರುವಂಥ ಕೆಂಪು ಅಂಕಿಗಳ ಒಂದು ಸಾಲು: ಕಣ್ಣಿಗೆ ಕಾಣುವುದು ಇಷ್ಟೇ.

ಅದರೊಳಗಿನ ಪ್ರೋಗ್ರಾಮನ್ನು ಕುರಿತು ಸ್ವಲ್ಪ ನಿಧಾನವಾಗಿ ಹೇಳಬೇಕು. ಕೀಲಿ ಒತ್ತಿದುದನ್ನು ಗುರುತಿಸುವುದು, ಅಂಕಿಗಳನ್ನು ಬೆಳಗಿಸುವುದು, ಮೆಮೊರಿಯ ಬೇಕಾದ ಸ್ಥಾನವನ್ನು ತೆರೆದು ತೋರಿಸುವುದು, ಬರೆದುದನ್ನು ಸಾಧಾರಣ ಟೇಪ್ ರೆಕಾರ್ಡರಿನ ಕ್ಯಾಸೆಟ್ಟಿಗೆ ಧ್ವನಿಯ ರೂಪದಲ್ಲಿ ಇಳಿಸಿ ಮತ್ತೆ ಓದಿಕೊಳ್ಳುವುದು, ಇವೆಲ್ಲವನ್ನೂ ಮಾಡತಕ್ಕ ಆ ಪ್ರೋಗ್ರಾಂ 512 ಬೈಟ್‌ಗಳಲ್ಲಿ ಅಡಗಿತ್ತು. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಎಂದು ಎಣಿಸಿದರೆ, 512 ಬೈಟ್ ಎಂಬುದು ಒಂದು ಅಂಚೆ ಕಾರ್ಡಿನ ಮೇಲೆ ಬಿಡಿಸಿ ಬರೆಯಬಹುದಾದಷ್ಟು ಬರೆವಣಿಗೆ. ಇಂದು ಪ್ರೋಗ್ರಾಮರುಗಳು ಮನುಷ್ಯರ ಭಾಷೆಗೆ ಹತ್ತಿರವಾದ ಪದಗಳಲ್ಲಿ ಬರೆದರೆ ಅದನ್ನು ಯಂತ್ರಕ್ಕೆ ತಿಳಿಯುವಂತೆ ಪರಿವರ್ತಿಸುವ ಬೇರೆ ಪ್ರೋಗ್ರಾಮುಗಳಿವೆ. ಆಗ್ಗೆ ವಿಲ್ಸನ್ ಅವರಿಗೆ ಅಂಥ ನೆರವು ಇರಲಿಲ್ಲವಾಗಿ, ಕಾಗದದ ಮೇಲೆ ಬರೆದ ಪ್ರತಿಯೊಂದು ಸೂಚನೆಯನ್ನೂ ಕೈಯಿಂದಲೇ ಅಂಕಿಗಳಾಗಿ ಮಾರ್ಪಡಿಸಿ ಚಿಪ್ಪಿನಲ್ಲಿ ತುಂಬಬೇಕಾಗಿತ್ತು. ಒಂದು ಬೈಟ್ ಹೆಚ್ಚಾದರೆ ಇನ್ನೊಂದು ಕಡೆ ಒಂದನ್ನು ಉಳಿಸಬೇಕು. ಉಳಿಸಬೇಕಾದರೆ ಪ್ರೊಸೆಸರಿನ ಪ್ರತಿಯೊಂದು ಸೂಚನೆಗೂ ಎಷ್ಟು ಸ್ಥಳ, ಎಷ್ಟು ಕಾಲ ಎಂಬುದು ಬಾಯಿಪಾಠವಾಗಿರಬೇಕು.

1980ರಲ್ಲಿ ಕೀಬೋರ್ಡನ್ನೂ ಪೆಟ್ಟಿಗೆಯನ್ನೂ ಹೊಂದಿ ಮನೆಯ ಟೀವಿಗೆ ಜೋಡಿಸಬಹುದಾದ ಆಟಂ ಎಂಬ ಕಂಪ್ಯೂಟರ್ ಹೊರಬಂದಿತು. ಬಿಡಿಭಾಗಗಳನ್ನು ಕೊಂಡು ತಾವೇ ಬೆಸುಗೆ ಹಾಕಿಕೊಳ್ಳುವವರಿಗೆ 120 ಪೌಂಡು, ಜೋಡಿಸಿದ್ದು ಬೇಕೆನ್ನುವವರಿಗೆ 170 ಪೌಂಡು. ಅದರಲ್ಲಿದ್ದ ಬೇಸಿಕ್ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ಬರೆದವರು ವಿಲ್ಸನ್. ಅದಾದ ಮೇಲೆ ಪ್ರೋಟಾನ್ ಎಂಬ ಇನ್ನೂ ಸಮರ್ಥವಾದ ಯಂತ್ರವೊಂದರ ಆಲೋಚನೆ ಕಂಪನಿಯಲ್ಲಿ ನಡೆದಿದ್ದರೂ, ಅದು ಇನ್ನೂ ಕಾಗದದ ಮೇಲಿನ ಗೆರೆಗಳ ಹಂತವನ್ನು ದಾಟಿರಲಿಲ್ಲ. ಇಂಥ ಸಮಯದಲ್ಲಿ ಬಿಬಿಸಿಯು ಕಂಪ್ಯೂಟರ್ ಸಾಕ್ಷರತೆಯ ಒಂದು ದೊಡ್ಡ ಯೋಜನೆಯನ್ನು ಕೈಗೆತ್ತಿಕೊಂಡಿತು. ಟೀವಿಯಲ್ಲಿ ಪಾಠಗಳ ಸರಣಿ. ಅದರ ಜೊತೆಗೆ, ನೋಡುಗರು ಕೊಂಡು ತಾವೇ ಅಭ್ಯಾಸ ಮಾಡಬಹುದಾದ, ಬಿಬಿಸಿಯ ಹೆಸರನ್ನೇ ಹೊತ್ತ ಒಂದು ಕಂಪ್ಯೂಟರ್. ಮೊದಲು ಆರಿಸಿಕೊಂಡಿದ್ದ ಬೇರೊಂದು ಯಂತ್ರವು ಹೇಳಿದ ಕಾಲಕ್ಕೆ ಸಿದ್ಧವಾಗುವ ಲಕ್ಷಣ ಕಾಣದೆ ಹೋದುದರಿಂದ, 1981ರ ಮೊದಲ ತಿಂಗಳುಗಳಲ್ಲಿ ಬಿಬಿಸಿಯವರು ಬೇರೆ ಬೇರೆ ಕಂಪನಿಗಳನ್ನು ನೋಡುತ್ತ ಏಕಾರ್ನಿಗೂ ಬರುವುದಾಗಿ ತಿಳಿಸಿದರು. ಅವರು ಬರುವುದು ಶುಕ್ರವಾರ; ತೋರಿಸತಕ್ಕ ಯಂತ್ರವೇ ಇಲ್ಲ.

ಆ ವಾರದ ವೃತ್ತಾಂತವನ್ನು ವಿಲ್ಸನ್ ಅವರೂ, ಯಂತ್ರಭಾಗವನ್ನು ರೂಪಿಸಿದ ಸ್ಟೀವ್ ಫರ್ಬರ್ ಅವರೂ, ಹೌಸರ್ ಅವರೂ ಬೇರೆ ಬೇರೆಯಾಗಿ ಹೇಳಿದ್ದಾರೆ. ಫರ್ಬರ್ ಆಗಿನ್ನೂ ವಿಶ್ವವಿದ್ಯಾಲಯದಲ್ಲಿ ವಾಯುಚಲನಶಾಸ್ತ್ರದ ಸಂಶೋಧಕರಾಗಿದ್ದು, ಬಿಡುವಿನ ವೇಳೆಯಲ್ಲಿ ಏಕಾರ್ನಿನ ಕೆಲಸ ಮಾಡುತ್ತಿದ್ದರು. ಹೌಸರ್ ಅವರು ವಿಲ್ಸನ್, ಫರ್ಬರ್ ಇಬ್ಬರಲ್ಲಿ ಮೊದಲು ಒಬ್ಬರಿಗೆ ಫೋನ್ ಮಾಡಿ, ಒಂದು ವಾರದಲ್ಲಿ ಯಂತ್ರವನ್ನು ಕಟ್ಟಬಹುದೇ ಎಂದು ಕೇಳಿ, ಸಾಧ್ಯವಿಲ್ಲವೆಂಬ ಉತ್ತರ ಬಂದೊಡನೆ, ಇನ್ನೊಬ್ಬರು ಆಗಲೇ ಸಾಧ್ಯವೆಂದು ಒಪ್ಪಿದ್ದಾರಲ್ಲ ಎಂದರು. ಅನಂತರ ಆ ಇನ್ನೊಬ್ಬರಿಗೂ ಫೋನ್ ಮಾಡಿ ಅದೇ ಮಾತನ್ನು ಹೇಳಿದರು. ಗೆಳೆಯರು ಒಪ್ಪಿದ್ದಾರೆಂದ ಮೇಲೆ ತಾವು ಹಿಂದೆಗೆಯುವುದು ಹೇಗೆಂದು ಇಬ್ಬರೂ ಒಪ್ಪಿಕೊಂಡರು. ಸೋಮವಾರ ನಕ್ಷೆಯ ರಚನೆ ಆರಂಭವಾಯಿತು. ನಕ್ಷೆ ಸಿದ್ಧವಾದಂತೆಲ್ಲ, ರಾಮ್ ಬ್ಯಾನರ್ಜಿ ಎಂಬ ಎಂಜಿನಿಯರ್ ತಂತಿ ಸುತ್ತುವ ಕೆಲಸಕ್ಕೆ ಕುಳಿತರು; ಆ ಕೆಲಸದಲ್ಲಿ ಅವರಷ್ಟು ಚುರುಕಾದ ಕೈ ಬೇರಿಲ್ಲವೆಂದು ಜೊತೆಯವರು ಕೊಂಡಾಡುತ್ತಿದ್ದರು. ಚಿಪ್ಪುಗಳ ಕಾಲುಗಳಿಗೆ ಹೊಂದಿದ ಚೌಕನೆಯ ಸಣ್ಣ ಕಂಬಗಳಿಗೆ ಕೂದಲಿಗಿಂತ ಸ್ವಲ್ಪವೇ ದಪ್ಪನಾದ ತಂತಿಯನ್ನು ಒಂದು ಉಪಕರಣದಿಂದ ಬಿಗಿಯಾಗಿ ಸುತ್ತಿ, ಒಂದು ಕಂಬದಿಂದ ಮತ್ತೊಂದಕ್ಕೆ ಸಂಪರ್ಕ ಕಲ್ಪಿಸುತ್ತ ಹೋಗಬೇಕು. ಒಂದು ತಂತಿ ತಪ್ಪಾದರೂ ಯಂತ್ರವು ಮಾತಾಡುವುದಿಲ್ಲ, ಯಾವುದು ತಪ್ಪಾಯಿತೆಂದೂ ಹೇಳುವುದಿಲ್ಲ.

ಗುರುವಾರ ರಾತ್ರಿಯಾದರೂ ಯಂತ್ರ ಚಲಿಸಲಿಲ್ಲ. ಪರೀಕ್ಷೆಗಾಗಿ ಅದನ್ನು ಇನ್ನೊಂದು ಕಂಪ್ಯೂಟರಿಗೆ ಕೇಬಲ್ಲಿನಿಂದ ಜೋಡಿಸಿದ್ದರು. ಹೊಸ ಯಂತ್ರದ ಪ್ರತಿಯೊಂದು ಚಲನೆಯನ್ನೂ ಹಳೆಯದರ ಮೂಲಕ ಗಮನಿಸುತ್ತ ತಪ್ಪನ್ನು ಹುಡುಕುವುದು ಕ್ರಮ. ಬೆಳಗಿನ ಜಾವದಲ್ಲಿ, ಎಲ್ಲರೂ ದಣಿದು ದಾರಿಗಾಣದಿದ್ದಾಗ, ಆ ಕೇಬಲನ್ನೇ ಕಿತ್ತು ಹಾಕಿ ಹೊಸ ಯಂತ್ರವು ತನ್ನ ಕಾಲ ಮೇಲೆ ತಾನು ನಿಲ್ಲುವುದೇ ನೋಡೋಣ ಎಂದು ಹೌಸರ್ ಸೂಚಿಸಿದರು. ಕೇಬಲ್ ತೆಗೆದರು, ಯಂತ್ರ ನಡೆಯಿತು. ಆಗ ಗಂಟೆ ಸುಮಾರು 7. ಅಲ್ಲಿಂದ ಮುಂದಿನದು ವಿಲ್ಸನ್ ಅವರ ಪಾಲಿನ ಕೆಲಸ. ಜೀವ ಬಂದುದಷ್ಟೇ ಆದ ಯಂತ್ರದ ಮೇಲೆ ಬೇಸಿಕ್ ಭಾಷೆಯು ನಡೆಯುವಂತೆ ಮಾಡಲು ಅವರಿಗಿದ್ದುದು ಕೆಲವೇ ಗಂಟೆಗಳ ಅವಧಿ. ಬಿಬಿಸಿಯ ಅಧಿಕಾರಿಗಳು ಬಂದಾಗ ಬೇಸಿಕ್ ನಡೆಯುತ್ತಿತ್ತು. ಅವರ ಎದುರಿನಲ್ಲಿಯೇ ಯಂತ್ರಕ್ಕೆ ಇನ್ನಷ್ಟು ವಿದ್ಯೆಗಳು ಕೂಡುತ್ತ ಹೋದುವು. ಕರಾರು ಏಕಾರ್ನಿಗೆ ಸಂದಿತು.

ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಹೌಸರ್ ಅವರ ಚಾತುರ್ಯವನ್ನು ಮೆಚ್ಚಿ ನಿಲ್ಲಿಸುತ್ತಾರೆ. ನನಗಾದರೋ ಆ ಬೆಳಗಿನ ಎರಡು ಮೂರು ಗಂಟೆಗಳ ಪ್ರೋಗ್ರಾಂ ಬರೆವಣಿಗೆಯೇ ಹೆಚ್ಚಿನದೆಂದು ತೋರುತ್ತದೆ. ಹಿಂದಿನ ಯಂತ್ರದ ಭಾಷೆಯ ಯಾವ ಸಾಲು ಹೊಸ ಯಂತ್ರದ ಯಾವ ತಂತಿಯನ್ನು ಮುಟ್ಟುತ್ತದೆಂಬುದು ಮನಸ್ಸಿನಲ್ಲಿ ಪೂರ್ತಿಯಾಗಿ ಅಚ್ಚೊತ್ತಿಲ್ಲದ ವ್ಯಕ್ತಿಗೆ ಅದು ವಾರಗಳ ಕೆಲಸ.

ಬಿಬಿಸಿ ಮೈಕ್ರೋ ಎಂದು ಹೆಸರಾದ ಆ ಕಂಪ್ಯೂಟರ್ 1981ರ ಡಿಸೆಂಬರಿನಲ್ಲಿ ಮಾರುಕಟ್ಟೆಗೆ ಬಂದಿತು. ಅದರ ಪಾಠಗಳ ಟೀವಿ ಸರಣಿಯು 1982ರ ಜನವರಿಯಲ್ಲಿ ಆರಂಭವಾಯಿತು. ಯಂತ್ರದ ಬಿ ಮಾದರಿಯಲ್ಲಿ ಬಳಕೆದಾರರ ಕೆಲಸಕ್ಕೆ 32 ಕಿಲೋಬೈಟ್ ಮೆಮೊರಿ, ಅಷ್ಟೇ ಗಾತ್ರದ ಶಾಶ್ವತ ಮೆಮೊರಿಯಲ್ಲಿ ಅರ್ಧ ಯಂತ್ರವನ್ನು ನಡೆಸುವ ವ್ಯವಸ್ಥೆಗೆ, ಇನ್ನರ್ಧ, ಎಂದರೆ 16 ಕಿಲೋಬೈಟ್, ಬೇಸಿಕ್ ಭಾಷೆಗೆ. ಅದರ ವೇಗದ ಗುಟ್ಟು ಮೆಮೊರಿಯ ಬಳಕೆಯಲ್ಲಿದೆ. ಟೀವಿಯ ಪರದೆಯ ಮೇಲೆ ಚಿತ್ರ ನಿಲ್ಲಬೇಕಾದರೆ ಮೆಮೊರಿಯನ್ನು ಬಿಡುವಿಲ್ಲದೆ ಓದುತ್ತಿರಬೇಕು. ಲೆಕ್ಕ ಮಾಡುವ ಪ್ರೊಸೆಸರಿಗೂ ಅದೇ ಮೆಮೊರಿ ಬೇಕು. ಬೇರೆ ಹಲವು ಯಂತ್ರಗಳಲ್ಲಿ ಒಂದಕ್ಕಾಗಿ ಇನ್ನೊಂದು ಕಾಯಬೇಕಾಗುತ್ತಿತ್ತು. ಫರ್ಬರ್ ಅವರ ವಿನ್ಯಾಸದಲ್ಲಿ ಮೆಮೊರಿಯನ್ನು ಸೆಕೆಂಡಿಗೆ 40 ಲಕ್ಷ ಸಲ ಮುಟ್ಟಬಹುದಾಗಿದ್ದು, ಒಂದೇ ಒರಳಿನಲ್ಲಿ ಭತ್ತ ಕುಟ್ಟುವ ಇಬ್ಬರು ಒಬ್ಬರ ಒನಕೆ ಮೇಲೆದ್ದಾಗ ಇನ್ನೊಬ್ಬರ ಒನಕೆ ಕೆಳಗಿಳಿಯುವಂತೆ ಹದವರಿತು ಕೈಯಾಡಿಸುವ ಹಾಗೆ, ಪ್ರೊಸೆಸರಿಗೆ ಒಂದು ಸರದಿ, ಪರದೆಗೆ ಒಂದು ಸರದಿ ಎಂಬ ಕ್ರಮದಿಂದ ಇಬ್ಬರಿಗೂ ಸೆಕೆಂಡಿಗೆ 20 ಲಕ್ಷ ಅವಕಾಶಗಳು ದೊರೆಯುತ್ತಿದ್ದುವು, ಯಾರೂ ಕಾಯಬೇಕಾದುದಿಲ್ಲ. ಅಷ್ಟು ವೇಗದ ಮೆಮೊರಿ ಚಿಪ್ಪುಗಳನ್ನು ಆಗ ಜಪಾನಿನ ಹಿಟಾಚಿ ಒದಗಿಸಿತು. ಆ ವೇಗದ ಅಂಚಿನಲ್ಲಿ ಕೆಲಸ ಮಾಡುವುದು ಸುಲಭವಾಗಿರಲಿಲ್ಲ. ಬೋರ್ಡಿನ ಮೇಲೆ ಒಂದು ಗೊತ್ತಾದ ಜಾಗದಲ್ಲಿ ಬೆರಳಿಟ್ಟರೆ ಸರಿಯಾಗಿ ನಡೆದು, ಬೆರಳೆತ್ತಿದರೆ ತಪ್ಪುತ್ತಿದ್ದ ಯಂತ್ರವನ್ನು ರೆಸಿಸ್ಟರುಗಳ ಒಂದು ಕಟ್ಟು ಸೇರಿಸಿ ಸರಿಪಡಿಸಿದುದನ್ನು ಫರ್ಬರ್ ನೆನೆದಿದ್ದಾರೆ.

ಭಾಷೆಯ ವಿಷಯಕ್ಕೆ ಬರೋಣ. ಬೇಸಿಕ್ ಎಂಬುದು 1964ರಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ, ಗಣಿತ ವಿಜ್ಞಾನಗಳ ಹೊರಗಿನ ವಿದ್ಯಾರ್ಥಿಗಳೂ ಕಲಿಯಲೆಂದು ಹುಟ್ಟಿದ ಭಾಷೆ. ಮನೆಯ ಕಂಪ್ಯೂಟರುಗಳಿಗೆ ಇಳಿದು ಬರುವ ವೇಳೆಗೆ ಅದು ಬಹಳ ಸೊರಗಿತ್ತು. ಪ್ರತಿ ಸಾಲಿಗೂ ಒಂದು ಅಂಕಿ. ಬೇರೆಡೆಗೆ ಹೋಗಬೇಕಾದರೆ 'ಗೋಟು 500' ಎಂದು ಅಂಕಿಯನ್ನೇ ಹೇಳಬೇಕು. ಪ್ರೋಗ್ರಾಂ ನೂರು ಸಾಲು ದಾಟಿದೊಡನೆ ಬರೆದವರಿಗೇ ಅದರ ಹಾದಿ ತಿಳಿಯದು. ಪಾಠ ಹೇಳಲು ಹೊರಟಿದ್ದ ಬಿಬಿಸಿಗೆ ಎರಡು ಬಗೆಯ ಆಸೆಗಳಿದ್ದುವು: ಇತರ ಯಂತ್ರಗಳ ಬೇಸಿಕ್‌ಗೆ ಹತ್ತಿರವಾಗಿರಬೇಕು, ಆದರೂ ಶಿಸ್ತಿನಿಂದ ಆಲೋಚಿಸುವುದನ್ನು ಮಕ್ಕಳಿಗೆ ಕಲಿಸಬೇಕು. ವಿಲ್ಸನ್ ಇವೆರಡನ್ನೂ ಹೊಂದಿಸಿದರು. ಅವರ ಬೇಸಿಕ್‌ನಲ್ಲಿ ಒಂದು ಕೆಲಸದ ಸಾಲುಗಳನ್ನು ಒಟ್ಟುಗೂಡಿಸಿ ಅದಕ್ಕೆ ಹೆಸರಿಡಬಹುದು. ಚೌಕ ಬರೆಯುವ ಸಾಲುಗಳಿಗೆ ಚೌಕವೆಂದೇ ಹೆಸರಿಟ್ಟರೆ, ಅನಂತರ 'ಪ್ರೊಕ್' ಎಂಬ ಗುರುತಿನ ಮುಂದೆ ಆ ಹೆಸರನ್ನು ಬರೆದಲ್ಲೆಲ್ಲ ಚೌಕ ಮೂಡುತ್ತದೆ. ಆ ಸಾಲುಗಳೊಳಗೆ ಬಳಸಿದ ಅಂಕಿಗಳು ಹೊರಗಿನ ಲೆಕ್ಕವನ್ನು ಕೆಡಿಸದಂತೆ ಬೇಲಿ ಹಾಕಿಕೊಳ್ಳಬಹುದು. ಗೊತ್ತಾದ ಸ್ಥಿತಿ ಬರುವವರೆಗೆ ಒಂದು ಕೆಲಸವನ್ನು ಮತ್ತೆ ಮತ್ತೆ ಮಾಡೆಂದು ನೇರವಾಗಿ ಹೇಳಬಹುದು. ಇದಲ್ಲದೆ, ಬೇಸಿಕ್ ಸಾಲುಗಳ ನಡುವೆಯೇ ಚೌಕ ಕಂಸಗಳನ್ನು ತೆರೆದು, ಅವುಗಳೊಳಗೆ ಪ್ರೊಸೆಸರಿನ ಸ್ವಂತ ಸೂಚನೆಗಳನ್ನು ಬರೆಯುವ ಸೌಕರ್ಯವೂ ಇದ್ದಿತು. ಮೊದಲ ಪಾಠ ಕಲಿಯುವ ಬಾಲಕರಿಗೂ, ಯಂತ್ರದ ತಳವನ್ನು ಮುಟ್ಟಬಯಸುವ ಪ್ರೌಢರಿಗೂ ಒಂದೇ ಬಾಗಿಲು ತೆರೆದಿತ್ತೆಂಬುದು ಈ ಭಾಷೆಯ ದೊಡ್ಡ ಗುಣ.

ಇಷ್ಟೆಲ್ಲ 16 ಕಿಲೋಬೈಟ್‌ಗಳಲ್ಲಿ ಅಡಗಿದ್ದು ಹೇಗೆ? ನೀವು ಓದುತ್ತಿರುವ ಈ ಲೇಖನವನ್ನು ಇಂದಿನ ಕಂಪ್ಯೂಟರಿನಲ್ಲಿ ಉಳಿಸಿದರೆ ಅದೊಂದೇ 16 ಕಿಲೋಬೈಟ್‌ಗಳ ಎರಡರಷ್ಟನ್ನು ಮೀರುತ್ತದೆ. ವಿಲ್ಸನ್ ಅವರ ಭಾಷೆಯಲ್ಲಿ 'ಪ್ರಿಂಟ್' ಎಂದು ಬಳಕೆದಾರರು ಇಂಗ್ಲಿಷಿನ ಐದು ಅಕ್ಷರಗಳನ್ನು ಒತ್ತಿದರೂ, ಯಂತ್ರವು ಅದನ್ನು 241 ಎಂಬ ಒಂದೇ ಸಂಖ್ಯೆಯಾಗಿ, ಒಂದೇ ಬೈಟಿನಲ್ಲಿ ಇಟ್ಟುಕೊಳ್ಳುತ್ತಿತ್ತು. ಪರದೆಯ ಮೇಲೆ ತೋರಿಸುವಾಗ ಮತ್ತೆ ಐದಕ್ಷರವಾಗಿ ಬಿಡಿಸುತ್ತಿತ್ತು. ಇದರಿಂದ ಸ್ಥಳವೂ ಉಳಿಯಿತು, ಓದುವ ವೇಗವೂ ಹೆಚ್ಚಿತು. ಬಳಕೆದಾರರು ತಮ್ಮ ಲೆಕ್ಕದ ಅಂಶಗಳಿಗೆ ಉದ್ದವಾದ, ಅರ್ಥವತ್ತಾದ ಹೆಸರುಗಳನ್ನಿಡಬಹುದಾಗಿತ್ತಷ್ಟೆ. ಆ ಹೆಸರುಗಳನ್ನೆಲ್ಲ ಒಂದೇ ಪಟ್ಟಿಯಲ್ಲಿ ಮೊದಲಿಂದ ಕೊನೆಯವರೆಗೆ ಹುಡುಕುವ ಬದಲು, ಮೊದಲ ಅಕ್ಷರಕ್ಕೊಂದರಂತೆ ಬೇರೆ ಬೇರೆ ಪಟ್ಟಿಗಳನ್ನು ಏರ್ಪಡಿಸಿದುದರಿಂದ, ಹುಡುಕಾಟದ ಕಾಲ ಬಹುಪಾಲು ಕುಗ್ಗಿತು. ಆಗಿನ ಯಂತ್ರಗಳ ವೇಗವನ್ನು ಹೋಲಿಸಿದ ಪರೀಕ್ಷೆಗಳಲ್ಲಿ ಬಿಬಿಸಿ ಬೇಸಿಕ್ ಮುಂದಿದ್ದುದಕ್ಕೆ ಪ್ರೊಸೆಸರಿನ ವೇಗ ಎಷ್ಟು ಕಾರಣವೋ ಈ ಬಗೆಯ ಆಲೋಚನೆಯೂ ಅಷ್ಟೇ ಕಾರಣ.

ಮೆಮೊರಿಯ ಬಡತನವನ್ನು ಬಳಕೆದಾರರೂ ಅರಿತೇ ನಡೆಯಬೇಕಾಗಿತ್ತು. ಹೆಚ್ಚು ಬಣ್ಣಗಳ ಚಿತ್ರ ಬೇಕೆಂದರೆ 32 ಕಿಲೋಬೈಟ್‌ಗಳಲ್ಲಿ 20ನ್ನು ಪರದೆಯೇ ನುಂಗುತ್ತಿತ್ತು. ಬರಿಯ ಅಕ್ಷರಗಳ ಪರದೆಯೊಂದಕ್ಕೆ ಒಂದೇ ಕಿಲೋಬೈಟ್ ಸಾಕಾಗುತ್ತಿತ್ತು. ಅಕ್ಷರಗಳ ಆಕಾರವನ್ನು ಬದಲಿಸಿಕೊಳ್ಳಲೂ ಒಂದು ಉಪಾಯವಿದ್ದಿತು. ಪ್ರತಿ ಅಕ್ಷರವೂ ಎಂಟು ಸಾಲು, ಸಾಲಿಗೆ ಎಂಟು ಚುಕ್ಕೆ. ಬೆಳಗಬೇಕಾದ ಚುಕ್ಕೆಗಳಿಗೆ ಎಡದಿಂದ 128, 64, 32 ಎಂದು ಅರ್ಧರ್ಧವಾಗಿ ಇಳಿಯುತ್ತ 1ರವರೆಗೆ ಬೆಲೆ ಕಟ್ಟಿ ಕೂಡಿದರೆ ಒಂದು ಸಾಲಿಗೆ ಒಂದು ಸಂಖ್ಯೆ. ಎರಡು ಅಂಚುಗಳ ಚುಕ್ಕೆ ಮಾತ್ರ ಬೆಳಗಬೇಕಾದರೆ 129, ಇಡೀ ಸಾಲು ಬೆಳಗಬೇಕಾದರೆ 255. 'ವಿಡಿಯು 23' ಎಂಬ ಆಜ್ಞೆಯೊಡನೆ ಇಂಥ ಎಂಟು ಸಂಖ್ಯೆಗಳನ್ನು ಕೊಟ್ಟರೆ ನಮ್ಮ 'ರ' ಅಕ್ಷರವನ್ನೂ ಅದರ ಪರದೆಯ ಮೇಲೆ ಮೂಡಿಸಬಹುದು. ಒತ್ತಕ್ಷರಕ್ಕೆ ಮಾತ್ರ ಎಂಟು ಸಾಲು ಸಾಲದು.

ಈ ಮಾತು ಕೇವಲ ಊಹೆಯ ವಿನೋದವಲ್ಲ, ಏಕೆಂದರೆ ಆ ಯಂತ್ರವು ನಮ್ಮ ದೇಶಕ್ಕೂ ಬಂದಿತ್ತು. ಭಾರತ ಸರಕಾರವು 1984ರಲ್ಲಿ ಕ್ಲಾಸ್ ಎಂಬ ಹೆಸರಿನಿಂದ ಶಾಲೆಗಳಲ್ಲಿ ಕಂಪ್ಯೂಟರ್ ಸಾಕ್ಷರತೆಯ ಯೋಜನೆಯನ್ನು ಆರಂಭಿಸಿದಾಗ, ಮೊದಲಿಗೆ ಆರಿಸಿಕೊಂಡ ಸುಮಾರು 250 ಶಾಲೆಗಳಿಗೆ ಕೊಟ್ಟದ್ದು ಬಿಬಿಸಿ ಮೈಕ್ರೋ ಯಂತ್ರಗಳನ್ನೇ. ಸರಕಾರಿ ಸ್ವಾಮ್ಯದ ಸೆಮಿಕಂಡಕ್ಟರ್ ಕಾಂಪ್ಲೆಕ್ಸ್ ಸಂಸ್ಥೆಯು ಅದನ್ನು ಯೂನಿಕಾರ್ನ್ ಎಂಬ ಹೆಸರಿನಲ್ಲಿ ಇಲ್ಲಿಯೇ ತಯಾರಿಸಿತು. ಇಂದು ಐವತ್ತು ದಾಟಿದ ಅನೇಕರು ಮೊತ್ತಮೊದಲು ಮುಟ್ಟಿದ ಕಂಪ್ಯೂಟರ್, ಕೀಬೋರ್ಡಿನ ಮೇಲ್ಸಾಲಿನಲ್ಲಿ ಹತ್ತು ಕೆಂಪು ಕೀಲಿಗಳಿದ್ದ ಆ ನಸುಹಳದಿ ಪೆಟ್ಟಿಗೆಯೇ ಆಗಿದ್ದರೆ ಆಶ್ಚರ್ಯವಿಲ್ಲ; ಅವರು ಬರೆದ ಮೊದಲ ಸಾಲನ್ನು ಓದಿ ಅರ್ಥಮಾಡಿಕೊಂಡದ್ದು ವಿಲ್ಸನ್ ಅವರ ಪ್ರೋಗ್ರಾಂ.

ಬಿಬಿಸಿ ಮೊದಲು ಅಂದಾಜು ಮಾಡಿದ್ದು 12,000 ಯಂತ್ರಗಳನ್ನು. ಕೊನೆಗೆ ಮಾರಾಟವಾದದ್ದು 15 ಲಕ್ಷಕ್ಕೂ ಹೆಚ್ಚು. ಈ ಯಶಸ್ಸಿನ ಬೆನ್ನಿಗೇ ಬಂದ ವ್ಯಾಪಾರದ ಸಂಕಟವನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. ಅಗ್ಗದ ಎಲೆಕ್ಟ್ರಾನ್ ಯಂತ್ರವು 1983ರ ಕ್ರಿಸ್‌ಮಸ್ಸಿಗೆ ಬೇಕಾದಷ್ಟು ತಯಾರಾಗಲಿಲ್ಲ. ಮರುವರ್ಷ ತಯಾರಾದಾಗ ಕೊಳ್ಳುವವರು ಇರಲಿಲ್ಲ. 1985ರ ಫೆಬ್ರುವರಿಯಲ್ಲಿ ಇಟಲಿಯ ಓಲಿವೆಟ್ಟಿ ಕಂಪನಿಯು ಏಕಾರ್ನಿನ ಸುಮಾರು ಅರ್ಧದಷ್ಟು ಷೇರುಗಳನ್ನು ಕೊಂಡುಕೊಂಡಿತು. ಆದರೆ ಲೆಕ್ಕಪತ್ರದ ಕೋಣೆಯಲ್ಲಿ ಈ ಗಾಬರಿ ನಡೆದಿದ್ದಾಗ, ಪ್ರೋಗ್ರಾಮರುಗಳ ಕೋಣೆಯಲ್ಲಿ ನಡೆಯುತ್ತಿದ್ದುದು ಬೇರೆ.

6502ರ ನಂತರ ಯಾವ ಪ್ರೊಸೆಸರನ್ನು ಬಳಸಬೇಕೆಂದು ವಿಲ್ಸನ್ ಮತ್ತು ಫರ್ಬರ್ ಮಾರುಕಟ್ಟೆಯಲ್ಲಿದ್ದ 16 ಬಿಟ್ ಚಿಪ್ಪುಗಳನ್ನೆಲ್ಲ ಪರೀಕ್ಷಿಸಿ ನೋಡಿದರು. ಒಂದೂ ಮೆಚ್ಚಿಗೆಯಾಗಲಿಲ್ಲ. ಮೆಮೊರಿಯು ಕೊಡಬಲ್ಲಷ್ಟನ್ನು ಈ ಚಿಪ್ಪುಗಳು ತೆಗೆದುಕೊಳ್ಳಲಾರವು. ಹೊರಗಿನಿಂದ ಕರೆ ಬಂದಾಗ ಕೈಯಲ್ಲಿದ್ದ ಕೆಲಸವನ್ನು ನಿಲ್ಲಿಸಿ ಓಗೊಡುವುದಕ್ಕೆ ತಡಮಾಡುತ್ತವೆ. ಒರಳು ಒನಕೆಗಳ ಹದವನ್ನು ಬಲ್ಲ ಅವರ ಕಣ್ಣಿಗೆ ಈ ದೋಷವು ಒಡನೆಯೇ ಬಿತ್ತು. ಅದೇ ಸುಮಾರಿಗೆ ಕ್ಯಾಲಿಫೋರ್ನಿಯದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ, ಪ್ರೊಸೆಸರಿಗೆ ಜಟಿಲವಾದ ನೂರಾರು ಸೂಚನೆಗಳನ್ನು ಕಲಿಸುವುದಕ್ಕಿಂತ ಸರಳವಾದ ಕೆಲವನ್ನು ಕಲಿಸಿ ಅವುಗಳನ್ನೇ ಅತಿ ವೇಗವಾಗಿ ಮಾಡಿಸುವುದು ಲೇಸೆಂಬ ಸಂಶೋಧನೆ ಪ್ರಕಟವಾಗಿತ್ತು. ಇಷ್ಟಾದರೂ ಚಿಪ್ಪನ್ನು ರೂಪಿಸುವುದು ಮಹಾಕಂಪನಿಗಳ ಕೆಲಸವೆಂಬ ಅಂಜಿಕೆ ಅವರಿಗಿದ್ದಿತು. ಅದು ಕಳೆದದ್ದು ಅಮೆರಿಕದ ಫೀನಿಕ್ಸ್ ನಗರದ ಬಳಿ. 6502ರ ಮುಂದಿನ ಪೀಳಿಗೆಯನ್ನು ರೂಪಿಸುತ್ತಿದ್ದ ವೆಸ್ಟರ್ನ್ ಡಿಸೈನ್ ಸೆಂಟರನ್ನು ನೋಡಲು ಹೋದಾಗ, ಭವ್ಯ ಕಟ್ಟಡಗಳ ನಿರೀಕ್ಷೆಯಲ್ಲಿದ್ದ ಅವರು ಕಂಡದ್ದು ಒಂದು ಸಾಧಾರಣ ಮನೆ. ಅದರೊಳಗೆ ಆಪಲ್ ಕಂಪ್ಯೂಟರುಗಳ ಮುಂದೆ ಕುಳಿತು ಕೆಲಸ ಮಾಡುತ್ತಿದ್ದ ವಿದ್ಯಾರ್ಥಿಗಳು. ಇವರು ಮಾಡಬಹುದಾದರೆ ತಾವೂ ಮಾಡಬಹುದೆಂಬ ಧೈರ್ಯದಿಂದ ಅವರು ಹಿಂದಿರುಗಿದರು.

1983ರ ಅಕ್ಟೋಬರಿನಲ್ಲಿ ಆ ಕೆಲಸ ಅಧಿಕೃತವಾಗಿ ಆರಂಭವಾಯಿತು. ಪ್ರೊಸೆಸರಿಗೆ ಯಾವ ಯಾವ ಸೂಚನೆಗಳಿರಬೇಕೆಂಬುದನ್ನು ವಿಲ್ಸನ್ ನಿರ್ಧರಿಸಿದರು. ಅವನ್ನು ನಡೆಸುವ ಒಳರಚನೆಯನ್ನು ಫರ್ಬರ್ ರೂಪಿಸಿದರು. ಇಲ್ಲಿ ಹಿಂದಿನ ಶ್ರಮವು ಫಲ ಕೊಟ್ಟಿತು. ಇನ್ನೂ ಹುಟ್ಟದ ಚಿಪ್ಪು ಹೇಗೆ ನಡೆದುಕೊಂಡೀತೆಂದು ತಿಳಿಯಲು ಅದರ ಅನುಕರಣೆಯೊಂದನ್ನು ಪ್ರೋಗ್ರಾಂ ರೂಪದಲ್ಲಿ ಬರೆಯಬೇಕಾಗುತ್ತದೆ. ಫರ್ಬರ್ ಅದನ್ನು ಬರೆದದ್ದು ಬಿಬಿಸಿ ಬೇಸಿಕ್‌ನಲ್ಲಿ, 808 ಸಾಲುಗಳಲ್ಲಿ. ಮಕ್ಕಳಿಗಾಗಿ ಬರೆದ ಭಾಷೆಯು ಒಂದು ಹೊಸ ಪ್ರೊಸೆಸರನ್ನೇ ವರ್ಣಿಸಲು ಸಮರ್ಥವಾಯಿತೆಂಬುದು ಆ ಭಾಷೆಯ ಸ್ವಚ್ಛತೆಗೆ ಸಂದ ಪ್ರಮಾಣಪತ್ರವೆಂದೇ ನಾನು ತಿಳಿಯುತ್ತೇನೆ.

1985ರ ಏಪ್ರಿಲ್ 26ರಂದು ಚಿಪ್ಪು ಕೈಗೆ ಬಂದಿತು. ಅದರಲ್ಲಿದ್ದುವು ಸುಮಾರು 25,000 ಟ್ರಾನ್ಸಿಸ್ಟರುಗಳು. ಆ ಕಾಲದ ಬೇರೆ ದೊಡ್ಡ ಪ್ರೊಸೆಸರುಗಳಲ್ಲಿ ಇದರ ಎಷ್ಟೋ ಪಟ್ಟು ಇರುತ್ತಿದ್ದುವು. ಅದನ್ನು ಬಿಬಿಸಿ ಮೈಕ್ರೋಗೆ ಜೋಡಿಸಿದ ದಿನವೇ ಅದರ ಮೇಲೆ ಬೇಸಿಕ್ ನಡೆಯಿತು. ಮೊದಲ ಸಲಕ್ಕೇ ಚಿಪ್ಪೊಂದು ಸರಿಯಾಗಿ ಕೆಲಸ ಮಾಡುವುದು ಬಹು ಅಪರೂಪ. ತರುವಾಯ, ಚಿಪ್ಪು ಎಷ್ಟು ವಿದ್ಯುತ್ತನ್ನು ಬಳಸುತ್ತದೆಂದು ಅಳೆಯಲು ಹೋದಾಗ ಮಾಪಕದ ಮುಳ್ಳು ಸೊನ್ನೆಯಿಂದ ಮೇಲೇಳಲಿಲ್ಲ. ಹುಡುಕಿ ನೋಡಿದರೆ ಬೋರ್ಡಿನಲ್ಲಿ ಚಿಪ್ಪಿಗೆ ವಿದ್ಯುತ್ ಕೊಡುವ ಸಂಪರ್ಕವೇ ಕೂಡಿರಲಿಲ್ಲ. ಇತರ ಚಿಪ್ಪುಗಳು ಕಳಿಸುತ್ತಿದ್ದ ಸಂಕೇತಗಳಿಂದ ಒಳಕ್ಕೆ ಜಿನುಗಿದ ಅಲ್ಪಸ್ವಲ್ಪ ವಿದ್ಯುತ್ತಿನಿಂದಲೇ ಅದು ಅಷ್ಟು ಹೊತ್ತು ನಡೆದಿತ್ತು. ಅವರು ಬಯಸಿದ್ದು, ಚಿಪ್ಪು ಬಹಳ ಬಿಸಿಯಾಗದೆ ಅಗ್ಗದ ಪ್ಲಾಸ್ಟಿಕ್ ಕವಚದೊಳಗೆ ಇರಬಲ್ಲಂತಾಗಲಿ ಎಂದು ಮಾತ್ರ. ದುಬಾರಿ ಕವಚ ಕೊಳ್ಳಲು ಹಣವಿಲ್ಲದ ಕಂಪನಿಯ ಈ ಮಿತವ್ಯಯದಿಂದ, ಬ್ಯಾಟರಿಯ ಮೇಲೆ ನಡೆಯತಕ್ಕ ಸಾಧನಗಳಿಗೆ ಅತ್ಯಂತ ಯೋಗ್ಯವಾದ ಪ್ರೊಸೆಸರ್ ಹುಟ್ಟಿತು. ತಮ್ಮ ತಂಡಕ್ಕೆ ಇತರ ಕಂಪನಿಗಳು ಕೊಡಲಾರದ ಎರಡು ಸೌಕರ್ಯಗಳನ್ನು ತಾವು ಕೊಟ್ಟಿದ್ದಾಗಿ, ಹಣವಿಲ್ಲದಿರುವಿಕೆ ಒಂದು, ಜನವಿಲ್ಲದಿರುವಿಕೆ ಇನ್ನೊಂದು ಎಂದು, ಹೌಸರ್ ಮುಂದೆ ಹೇಳುತ್ತಿದ್ದರು.

ಆ ಪ್ರೊಸೆಸರಿನ ಹೆಸರು ಆರ್ಮ್. 1990ರಲ್ಲಿ ಏಕಾರ್ನ್, ಆಪಲ್ ಮತ್ತು ವಿಎಲ್‌ಎಸ್‌ಐ ಟೆಕ್ನಾಲಜಿ ಸೇರಿ ಅದಕ್ಕಾಗಿಯೇ ಪ್ರತ್ಯೇಕ ಕಂಪನಿಯನ್ನು ಸ್ಥಾಪಿಸಿದುವು. ಅದರ ವಿನ್ಯಾಸವನ್ನು ಆಧರಿಸಿ ತಯಾರಾದ ಚಿಪ್ಪುಗಳ ಸಂಖ್ಯೆ ಈಗಾಗಲೇ 20,000 ಕೋಟಿಯನ್ನು ದಾಟಿದೆ. ನಮ್ಮ ನಿಮ್ಮ ಜೇಬಿನ ಫೋನಿನಲ್ಲಿ ಇರುವುದು ಅದೇ ವಂಶದ ಪ್ರೊಸೆಸರ್. ಆ ಕಂಪನಿಯ ದೊಡ್ಡ ವಿನ್ಯಾಸಕೇಂದ್ರಗಳಲ್ಲೊಂದು ಬೆಂಗಳೂರಿನಲ್ಲಿದೆ.

ಏಕಾರ್ನ್ ಎಂಬ ಕಂಪನಿಯು ಈಗ ಇಲ್ಲ. ವಿಲ್ಸನ್ ಅವರು ಮುಂದೆಯೂ ಪ್ರೊಸೆಸರುಗಳನ್ನು ರೂಪಿಸುತ್ತ, 2013ರಲ್ಲಿ ರಾಯಲ್ ಸೊಸೈಟಿಯ ಫೆಲೋ ಆಗಿ ಆಯ್ಕೆಯಾದರು. ಕೇಂಬ್ರಿಡ್ಜಿನಲ್ಲಿಯೇ ಹುಟ್ಟಿದ ರಾಸ್ಪ್‌ಬೆರಿ ಪೈ ಎಂಬ ಅಗ್ಗದ ಕಂಪ್ಯೂಟರು ತನ್ನ ಮಾದರಿಗಳಿಗೆ ಎ, ಬಿ ಎಂದು ಹೆಸರಿಟ್ಟುಕೊಂಡದ್ದು ಬಿಬಿಸಿ ಮೈಕ್ರೋವಿನ ಮೇಲಿನ ಗೌರವದಿಂದ. ಅದರಲ್ಲಿರುವುದು ಆರ್ಮ್ ಪ್ರೊಸೆಸರ್. ಏಕಾರ್ನಿನವರು ಬರೆದ ರಿಸ್ಕ್ ಓಎಸ್ ಎಂಬ ವ್ಯವಸ್ಥೆಯನ್ನು ಇಂದಿಗೂ ಅದರ ಮೇಲೆ ನಡೆಸಬಹುದು. ಆ ವ್ಯವಸ್ಥೆಯೊಳಗೆ ಬಿಬಿಸಿ ಬೇಸಿಕ್ ಹಾಗೆಯೇ ಇದೆ. ಪ್ರೋಗ್ರಾಂ ಬರೆಯುವುದನ್ನು ಕಲಿಯಬಯಸುವ ಮಗುವೊಂದು ಮನೆಯಲ್ಲಿದ್ದರೆ, ಒಂದು ರಜೆಯ ದಿನ ಈ ಕಂಪ್ಯೂಟರಿನ ಮುಂದೆ ಕೂರಿಸಿ ಚೌಕವೊಂದನ್ನು ಬರೆಯಿಸಿ ನೋಡಿ.